ಬಿದಿರೇಣಿ ಹೋಯ್ತು, ಜೀವವೂ ಹೋಯ್ತು

ಫೆಬ್ರವರಿ ಬಂತೆಂದರೆ ಕೊಡಗಿನ ಸುಂಟಿಕೊಪ್ಪದ ಸುತ್ತ ಕಾಳುಮೆಣಸಿನ ಕುಯ್ಲು. ಬೆಳಿಗ್ಗೆ ಜೀಪಿನ ಮೇಲೆ ಹಗ್ಗ ಬಿಗಿದ ಅಲ್ಯೂಮಿನಿಯಂ ಏಣಿಗಳು ಬಿಸಿಲಿಗೆ ಫಳಫಳ ಹೊಳೆಯುತ್ತವೆ. ಆ ಹೊಳಪು ಕಂಡಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ.

ಹಿಂದೆ ಇದ್ದದ್ದು ಬಿದಿರೇಣಿ. ಒಂದೇ ಗಳ. ಗೆಣ್ಣಿನ ಕವಲನ್ನು ಗೇಣುದ್ದ ಉಳಿಸಿ ಸವರಿದರೆ ಅದೇ ಮೆಟ್ಟಿಲು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಆ ಕವಲನ್ನು ಕಚ್ಚಿ ಹಿಡಿದು ಹತ್ತಬೇಕು. ನಮ್ಮಪ್ಪನ ಪಾದದಲ್ಲಿ ಆ ಜಾಗ ಕೊರಡಾಗಿತ್ತು. ಸೊಂಟಕ್ಕೆ ಚೀಲ, ಒಂದು ಕೈ ಏಣಿಗೆ, ಇನ್ನೊಂದು ಮೆಣಸಿಗೆ. ಹೊರಲು ಇಬ್ಬರು ಬೇಕಿತ್ತು, ಮಳೆಗೆ ಬಿಟ್ಟರೆ ಕುಂಬಾಗುತ್ತಿತ್ತು. ಅದರಿಂದಲೂ ಜನ ಬಿದ್ದಿದ್ದಾರೆ, ಸೊಂಟ ಮುರಿದುಕೊಂಡಿದ್ದಾರೆ. ಆದರೆ ಒಣಬಿದಿರು ಕರೆಂಟನ್ನು ಮೈಗೆ ಹರಿಸುತ್ತಿರಲಿಲ್ಲ.

ಅಲ್ಯೂಮಿನಿಯಂ ಹಗುರ. ಒಬ್ಬನೇ ಮರದಿಂದ ಮರಕ್ಕೆ ಒಯ್ಯಬಹುದು, ಇನ್ನೊಬ್ಬನ ಕೂಲಿ ಉಳಿಯಿತು. ಸಿಲ್ವರ್ ಓಕ್ ಮರದ ತುದಿತನಕ ಮೆಣಸಿನ ಬಳ್ಳಿ, ಪಕ್ಕದಲ್ಲೇ ಜೋತುಬಿದ್ದ 11 ಕೆವಿ ತಂತಿ. ಏಣಿ ತಿರುಗಿಸುವಾಗ ತುದಿ ವಾಲಿ ತಾಗಿದರೆ ಮುಗಿಯಿತು, ಕೂಗಲೂ ಪುರುಸೊತ್ತಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಹೀಗೆ ಸತ್ತವರು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. 'ಆಕಸ್ಮಿಕ' ಎಂದು ಬರೆಯುತ್ತಾರೆ. ಅದೇ ಏಣಿ, ಅದೇ ತಂತಿ, ಸಾಯುವವರು ತೋಟದ ಅದೇ ಲೈನ್ ಮನೆಗಳ ಕೂಲಿಗಳು. ಆಕಸ್ಮಿಕ ಹೇಗಾದೀತು?

ಆಯುಧದ, ಹತಾರದ ಬೆಲೆ ಅರಿಯದ ನಾಡೇನೂ ಅಲ್ಲ ಕೊಡಗು. ಕೈಲ್ ಮುಹೂರ್ತದ ಹಬ್ಬದಂದು ಕೋವಿ, ಕತ್ತಿಗಳಿಗೆ ಪೂಜೆ. ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವ ಕುಡುಗೋಲಿಗೂ ಗೌರವ. ಕೊಡವರ ಕೋವಿಗಿದ್ದ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ 10 ವರ್ಷ ಮುಂದುವರಿಸಿತು. ದಿಲ್ಲಿಗೆ ಮುಟ್ಟುವ ದನಿ ಕೊಡಗಿಗಿದೆ. ಏಣಿಯ ಮೇಲೆ ಸುಟ್ಟುಹೋದವನಿಗಾಗಿ ಆ ದನಿ ಯಾಕೆ ಏಳುವುದಿಲ್ಲ?

ಕೆಲಸದಲ್ಲಿ ಸತ್ತರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯ್ದೆ 1923ರಲ್ಲೇ ಆಯಿತು. ಆದರೆ ಅಸ್ಸಾಮಿನಿಂದ ಕೂಲಿಗೆ ಬಂದವನ ಹೆಸರು ಹಾಜರಿ ಪುಸ್ತಕದಲ್ಲೇ ಇಲ್ಲದಿದ್ದರೆ ಅವನ ಹೆಂಡತಿ ಯಾವ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗಬೇಕು? ಕರೆಂಟು ಹರಿಸದ ಫೈಬರ್ ಏಣಿ ಅಂಗಡಿಯಲ್ಲಿ ಸಿಗುತ್ತದೆ. ದುಬಾರಿಯಂತೆ! ತಂತಿ ಪಕ್ಕದ ಮರದ ಮೆಣಸು ಕುಯ್ಯುವ ದಿನ ಲೈನ್ ಆಫ್ ಮಾಡಿಸುವುದಕ್ಕೆ ಎಷ್ಟು ದುಡ್ಡು ಬೇಕು, ಹೇಳಿ.

ಸಾವಾದ ತೋಟವೊಂದಕ್ಕೆ ಮರುವಾರ ಹೋಗಿದ್ದೆ. ಅದೇ ಏಣಿ, ತುದಿಯಲ್ಲಿ ಹೆಬ್ಬೆರಳಗಲದ ಕಪ್ಪು ಮಚ್ಚೆ. ಬೇರೊಬ್ಬ ಹುಡುಗ ಹತ್ತುತ್ತಿದ್ದ.