ಮೊದಲ ಸೂಜಿಗೇ ಹೆದರಿ ಚಿಕಿತ್ಸೆ ಬಿಡಬೇಡಿ

ಪ್ರೊಸ್ಟೇಟ್ ಕ್ಯಾನ್ಸರ್‌ಗೆ ಲ್ಯುಪ್ರೊಲೈಡ್ ಸೂಜಿ ಮಾಡಿಸಿಕೊಂಡ ಮೊದಲ ವಾರದಲ್ಲಿ ಕೆಲವರಿಗೆ ಮೂಳೆ ನೋವು ಹೆಚ್ಚುತ್ತದೆ. ಅಷ್ಟಕ್ಕೇ ‘ಔಷಧಿ ಒಗ್ಗಲಿಲ್ಲ’ ಎಂದು ತೀರ್ಮಾನಿಸಬೇಡಿ.

ಮೆದುಳಿನ ಹೈಪೋಥಲಾಮಸ್ ಜಿ.ಎನ್.ಆರ್.ಎಚ್. ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು ಸ್ರವಿಸುತ್ತದೆ. ಅದರ ಸೂಚನೆಯಂತೆ ಪಿಟ್ಯುಟರಿ ಗ್ರಂಥಿ ಎಲ್.ಎಚ್. ಹಾರ್ಮೋನು ಬಿಡುತ್ತದೆ, ವೃಷಣಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ಲ್ಯುಪ್ರೊಲೈಡ್ ಆ ಮೊದಲ ಹಾರ್ಮೋನನ್ನು ಹೋಲುವ ಕೃತಕ ಔಷಧಿ. ಅದು ಎಡೆಬಿಡದೆ ಪ್ರಚೋದಿಸುವುದರಿಂದ ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನ್ ಏರುತ್ತದೆ. ಆಮೇಲೆ ಪಿಟ್ಯುಟರಿ ಸ್ಪಂದಿಸುವುದನ್ನೇ ನಿಲ್ಲಿಸುತ್ತದೆ. 3-4 ವಾರಗಳಲ್ಲಿ ಮಟ್ಟ ತೀರಾ ಕುಸಿಯುತ್ತದೆ. ಕ್ಯಾನ್ಸರ್‌ಗೆ ಪೋಷಣೆ ತಪ್ಪುವುದು ಆಗಲೇ.

ಈ ಮಾತನ್ನು ರೋಗಿಗೆ ಮೊದಲೇ ತಿಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಮಲಾಪುರದಿಂದ ಬಸ್ಸು ಹಿಡಿದು ಕಲಬುರಗಿಗೆ ಬರುವ ಹಿರಿಯರಿಗೆ ಚೀಟಿಯಲ್ಲಿ ಮುಂದಿನ ತಾರೀಖು ಬರೆದುಕೊಟ್ಟರೆ ಸಾಲದು. ಆರಂಭದ ಏರಿಕೆಯ ಪರಿಣಾಮ ತಡೆಯಲು ಬೈಕಾಲುಟಮೈಡ್‌ನಂಥ ಮಾತ್ರೆ ಬೇಕೇ ಎಂದು ನೀವೇ ಕೇಳಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೈ ಬಿಸಿಯೇರುವುದು, ಕಾಮಾಸಕ್ತಿ ಕುಗ್ಗುವುದು, ಮೂಳೆ ಸವೆಯುವುದು ಇದರ ಅಡ್ಡಪರಿಣಾಮಗಳು. ನಾಚಿಕೆಯಿಂದ ಪತ್ನಿಗೂ ಹೇಳದೆ ಸೂಜಿ ತಪ್ಪಿಸಬೇಡಿ. ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ. ತಾರೀಖು ತಪ್ಪಿದರೆ ಟೆಸ್ಟೋಸ್ಟೆರಾನ್ ಮತ್ತೆ ಏರಬಹುದು, ರೋಗಕ್ಕೂ ಮತ್ತೆ ಬಲ ಬರಬಹುದು.