ಡ್ರೋನ್ ಕನಸು ಪ್ರಮಾಣಪತ್ರಕ್ಕೇ ನಿಲ್ಲದಿರಲಿ

ಯಾದಗಿರಿ ಜಿಲ್ಲೆಯ ಮಾತು ಬಂದಾಗಲೆಲ್ಲ ಎರಡು ಸಂಗತಿಗಳು ತಪ್ಪದೆ ಕೇಳಿಬರುತ್ತವೆ. ಒಂದು, 2011ರ ಜನಗಣತಿಯ ಸಾಕ್ಷರತೆ ಪಟ್ಟಿಯಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನ. ಇನ್ನೊಂದು, ಹೊಲದ ಕೆಲಸ ಮುಗಿಯುತ್ತಲೇ ಬೆಂಗಳೂರು, ಮುಂಬೈ ಕಡೆ ಗುಳೆ ಹೊರಡುವ ಕುಟುಂಬಗಳು. ಸುರಪುರ ತಾಲ್ಲೂಕಿನ ಹಳ್ಳಿಯವನಾದ ನಾನು ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಜೊತೆಗೆ ಓದಿದವರಲ್ಲಿ ಹಲವರು ಬೆಂಗಳೂರಿನಲ್ಲಿ ಡೆಲಿವರಿ ಬ್ಯಾಗ್ ಹೊತ್ತಿದ್ದಾರೆ. ಈಗ ನಮ್ಮೆಲ್ಲರ ಮೊಬೈಲಿಗೂ ಹೊಸದೊಂದು ಜಾಹೀರಾತು ಬರುತ್ತಿದೆ: ಡ್ರೋನ್ ಪೈಲಟ್ ಆಗಿ, ಕೈತುಂಬ ಸಂಪಾದಿಸಿ! ಇದರಲ್ಲಿ ನಿಜವೆಷ್ಟು, ಯಾದಗಿರಿ, ಶಹಾಪುರ, ಸುರಪುರದ ಯುವಜನರಿಗೆ ಇದರಿಂದ ದಕ್ಕುವುದೇನು ಎಂದು ಲೆಕ್ಕ ಹಾಕಿ ನೋಡಬೇಕಿದೆ.

ಕೆಲಸ ಇದೆ ಎಂಬುದರಲ್ಲಿ ಅನುಮಾನವಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಸುರಪುರ, ಶಹಾಪುರ ಭಾಗದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತಾರೆ. ಯಾದಗಿರಿ, ಗುರುಮಠಕಲ್ ಕಡೆ ಮಳೆಯನ್ನೇ ನಂಬಿದ ತೊಗರಿ, ಹೆಸರು ಇವೆ. ಹೂ ಬಿಡುವ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದಿರುತ್ತದೆ. ಕಾಯಿಕೊರಕ ಬಿದ್ದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲುಗಳ ನಡುವೆ ನುಗ್ಗಬೇಕು. ಔಷಧ ಗಿಡದ ಮೇಲೆ ಬಿದ್ದಷ್ಟೇ ಹೊಡೆಯುವವರ ಮೈಮೇಲೂ ಬೀಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹೀಗೆ ಔಷಧ ಸಿಂಪಡಿಸುವಾಗ ವಿಷವೇರಿ ರೈತರು, ಕೂಲಿಕಾರರು ಸೇರಿ ಹಲವರು ಜೀವ ಕಳೆದುಕೊಂಡರು. 10 ಲೀಟರ್ ಟ್ಯಾಂಕಿನ ಡ್ರೋನ್ ಇದೇ ಕೆಲಸವನ್ನು ಎಕರೆಗೆ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ, ಅದನ್ನು ಹಾರಿಸುವವರು ಬದುವಿನ ಮೇಲೆ ದೂರ ನಿಂತಿರುತ್ತಾರೆ.

ಸಿಂಪಡಣೆಯೊಂದೇ ಅಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ, ನಿವೇಶನಗಳ ಅಳತೆ ನಡೆದದ್ದು ಡ್ರೋನ್‌ನಿಂದಲೇ. ನೆರೆಯ ತೆಲಂಗಾಣದ ವಿಕಾರಾಬಾದ್‌ನಲ್ಲಿ 2021ರಲ್ಲಿ ಡ್ರೋನ್ ಮೂಲಕ ಔಷಧ ಸಾಗಿಸುವ ಪ್ರಯೋಗ ನಡೆಯಿತು. ಕೃಷ್ಣೆಗೆ ಪ್ರವಾಹ ಬಂದರೆ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುವ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆ ನಮ್ಮಲ್ಲೇ ಇದೆ. ಆ ಪ್ರಯೋಗದ ಬೆಲೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾನೂನು ಕೂಡ ನಮ್ಮಂಥವರಿಗೆ ಬಾಗಿಲು ಮುಚ್ಚಿಲ್ಲ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ 18ರಿಂದ 65 ವರ್ಷದೊಳಗಿನ, ಹತ್ತನೇ ತರಗತಿ ಪಾಸಾದ ಯಾರೇ ಆಗಲಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದು ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆಯಬಹುದು. ಅದು 10 ವರ್ಷ ಊರ್ಜಿತ. ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸುವವರು ಇಷ್ಟೊಂದಿರುವ ನಮ್ಮ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ.

ಆದರೆ ಪ್ರಮಾಣಪತ್ರ ಉದ್ಯೋಗವಲ್ಲ. ನಾನು ಹಾಕಿದ ಅಂದಾಜು ಲೆಕ್ಕ ಹೀಗಿದೆ. ಎಕರೆಗೆ 400 ರೂಪಾಯಿ, ದಿನಕ್ಕೆ 15 ಎಕರೆ, ಹಂಗಾಮಿಗೆ 50 ದಿನ ಕೆಲಸ ಎಂದು ಹಿಡಿದರೆ 3 ಲಕ್ಷ ರೂಪಾಯಿ ಬರುತ್ತದೆ. ಸಹಾಯಕನ ಕೂಲಿ 30 ಸಾವಿರ, ವಾಹನ ಮತ್ತು ಚಾರ್ಜಿಂಗ್‌ಗೆ 25 ಸಾವಿರ, ಬ್ಯಾಟರಿ, ರಿಪೇರಿಗೆ 55 ಸಾವಿರ ಹೋಗಲಿ. ಶೇ 10ರ ಬಡ್ಡಿಯಲ್ಲಿ 5 ವರ್ಷಕ್ಕೆ 5 ಲಕ್ಷ ಸಾಲ ಮಾಡಿದ್ದರೆ ವರ್ಷದ ಕಂತು ಸುಮಾರು 1.27 ಲಕ್ಷ. ಕೈಯಲ್ಲಿ ಉಳಿಯುವುದು 63 ಸಾವಿರ, ಅಂದರೆ ತಿಂಗಳಿಗೆ 5 ಸಾವಿರ ಚಿಲ್ಲರೆ! ಅದೇ ಡ್ರೋನ್‌ಗೆ ವರ್ಷಕ್ಕೆ 100 ದಿನ ಕೆಲಸ ಸಿಕ್ಕರೆ, ಇತರ ಖರ್ಚು ದುಪ್ಪಟ್ಟಾದರೂ ಕಂತು ಅಷ್ಟೇ ಇರುವುದರಿಂದ ತಿಂಗಳಿಗೆ 21 ಸಾವಿರ ಉಳಿಯುತ್ತದೆ. ಗುಳೆ ಹೋಗುವುದಕ್ಕೂ ಊರಲ್ಲೇ ಬದುಕುವುದಕ್ಕೂ ನಡುವೆ ಇರುವುದು ಆ ಇನ್ನೈವತ್ತು ದಿನಗಳು. ಹಾರಿಸುವುದನ್ನು ಕಲಿಸಿ ಕೈತೊಳೆದುಕೊಂಡರೆ ಆ ದಿನಗಳು ತಾವಾಗಿ ಹುಟ್ಟುವುದಿಲ್ಲ.

ಹಾಗಾಗಿ ತರಬೇತಿಯ ಬೆನ್ನಿಗೇ ವ್ಯಾಪಾರಕ್ಕೆ ಆಸರೆ ಬೇಕು. ಅದಕ್ಕೆ ಬೇಕಾದ ಸಂಸ್ಥೆಗಳು ನಮ್ಮಲ್ಲೇ ಇವೆ. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು, ಸುರಪುರದ ಬಳಿ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ನೆರವಿನಲ್ಲಿ ಇಲ್ಲೇ ಮಾನ್ಯತೆ ಪಡೆದ ತರಬೇತಿ ನಡೆಯಲಿ. ಬಡ ಮಕ್ಕಳ ಶುಲ್ಕವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಭರಿಸಲಿ. ಪೂರ್ತಿ ಜೋಡಿಸಿದ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧಿಸಿದೆ, ಬಿಡಿಭಾಗಗಳಿಗೆ ತಡೆಯಿಲ್ಲ. ಜೋಡಣೆ, ರಿಪೇರಿಯ ಕೆಲಸ ದೇಶದೊಳಗೇ ಆಗಬೇಕು ಎಂದೇ ಇದರ ಅರ್ಥ. ತೊಗರಿಗೆ ಹುಳು ಬಿದ್ದ ವಾರ ಡ್ರೋನ್ ಕೆಟ್ಟರೆ, ಬಿಡಿಭಾಗ ಬೆಂಗಳೂರಿನಿಂದ ಬರುವಷ್ಟರಲ್ಲಿ ಬೆಳೆ ಕೈಬಿಟ್ಟಿರುತ್ತದೆ. ಐಟಿಐಗಳಲ್ಲಿ ಡ್ರೋನ್ ರಿಪೇರಿ ಕಲಿಸಿದರೆ ಹಾರಿಸಲು ಒಲ್ಲದವರಿಗೂ ಕೆಲಸ ಸಿಗುತ್ತದೆ.

ಹಣದ ದಾರಿಗಳೂ ಇವೆ, ಹೇಳುವವರಿಲ್ಲ ಅಷ್ಟೆ. ಬಾಡಿಗೆ ಕೇಂದ್ರ ತೆರೆಯುವ ಕೃಷಿ ಪದವೀಧರರಿಗೆ ಡ್ರೋನ್ ಬೆಲೆಯ ಅರ್ಧದಷ್ಟು, ಗರಿಷ್ಠ 5 ಲಕ್ಷ ರೂಪಾಯಿವರೆಗೆ ನೆರವು ಕೊಡಲು ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಅವಕಾಶ ಮಾಡಲಾಗಿದೆ. ಮಹಿಳಾ ಸ್ವಸಹಾಯ ಸಂಘಗಳಿಗಾಗಿ 2023ರಲ್ಲಿ ಮಂಜೂರಾದ ‘ನಮೋ ಡ್ರೋನ್ ದೀದಿ’ಯಲ್ಲಿ ಶೇ 80ರಷ್ಟು, ಗರಿಷ್ಠ 8 ಲಕ್ಷದವರೆಗೆ ನೆರವು ಗೊತ್ತುಮಾಡಲಾಯಿತು. ಯಾದಗಿರಿ 2018ರಿಂದ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. 2022ರ ಪರಿಷ್ಕರಣೆಯ ನಂತರ ಇಂಥ ಜಿಲ್ಲೆಯ ಅರ್ಜಿದಾರರನ್ನು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ವಿಶೇಷ ವರ್ಗವಾಗಿ ಪರಿಗಣಿಸುತ್ತಾರೆ. ಗ್ರಾಮೀಣ ಘಟಕಕ್ಕೆ ಶೇ 35ರವರೆಗೆ ಸಹಾಯಧನ ಸಿಗಬಹುದು. ಹಿಂದುಳಿದವರೆಂಬ ಹಣೆಪಟ್ಟಿಯಿಂದ ಇಷ್ಟಾದರೂ ಲಾಭ ಪಡೆಯೋಣ. ಕಾಲೇಜುಗಳ ಉದ್ಯೋಗ ಮಾಹಿತಿ ಘಟಕಗಳು ಇದನ್ನು ನೋಟಿಸ್ ಬೋರ್ಡಿಗಾದರೂ ಹಚ್ಚಬಾರದೇ?

ಇಲ್ಲಿ ಒಂದು ಮುಳ್ಳೂ ಇದೆ. ದಿನಗೂಲಿಗೆ ಪಂಪು ಹೊರುವ ಅಣ್ಣಂದಿರ ಕೆಲಸವನ್ನು ಡ್ರೋನ್ ಕಸಿಯುತ್ತದೆ. ವಿಷ ಕುಡಿಸುವ ಕೆಲಸ ಹೋಗುವುದು ಒಳ್ಳೆಯದೇ, ಆದರೆ ಅವರ ಕೂಲಿ ಹೋಗುವುದು ಒಳ್ಳೆಯದಲ್ಲ. ಒಂದು ಡ್ರೋನ್ ಹಿಂದೆ ಔಷಧ ಬೆರೆಸಲು, ನೀರು ತರಲು, ಬ್ಯಾಟರಿ ಬದಲಿಸಲು ಆಳು ಬೇಕು. ಆ ತಂಡಕ್ಕೆ ಮೊದಲು ಅವರನ್ನೇ ಸೇರಿಸಿಕೊಳ್ಳಬೇಕು ಎಂಬ ಷರತ್ತು ಸಹಾಯಧನದ ಜೊತೆಗಿರಲಿ. ಹಂಗಾಮಿಲ್ಲದ ತಿಂಗಳುಗಳಲ್ಲಿ ಕಾಲುವೆ ಪರಿಶೀಲನೆ, ಬೆಳೆಹಾನಿ ಸಮೀಕ್ಷೆ, ಜಮೀನು ಅಳತೆಯ ಕೆಲಸವನ್ನು ಸರ್ಕಾರಿ ಇಲಾಖೆಗಳು ಹೊರಗಿನ ದೊಡ್ಡ ಕಂಪನಿಗಳ ಬದಲು ತರಬೇತಾದ ಸ್ಥಳೀಯ ತಂಡಗಳಿಗೆ ಕೊಡಲಿ. ಕೊರತೆ ಬೀಳುವ ಐವತ್ತು ದಿನಗಳು ಬರಬೇಕಾದ್ದು ಅಲ್ಲಿಂದಲೇ.

ಗೆಳೆಯರೇ, ಜಾಹೀರಾತು ನೋಡಿ ಅಪ್ಪನಿಂದ ಸಾಲ ಮಾಡಿಸಿ ಶುಲ್ಕ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಸಂಸ್ಥೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ? ಸಿಗುವ ಪ್ರಮಾಣಪತ್ರ ಯಾವ ತೂಕದ ಡ್ರೋನ್‌ಗೆ ಅನ್ವಯಿಸುತ್ತದೆ? ಹಿಂದಿನ ತಂಡದವರು ಈಗ ಏನು ಕೆಲಸ ಮಾಡುತ್ತಿದ್ದಾರೆ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಎದ್ದು ಬನ್ನಿ. ಇದೇ ಮೂರನೆಯ ಪ್ರಶ್ನೆಯನ್ನು ನಮ್ಮ ಜನಪ್ರತಿನಿಧಿಗಳಿಗೂ, ಅಧಿಕಾರಿಗಳಿಗೂ ಕೇಳಬೇಕು. ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಎಂಬುದು ವರದಿಗೆ ಸಾಕಾಗಬಹುದು. ಅವರಲ್ಲಿ ಎಷ್ಟು ಜನ ಮರುವರ್ಷವೂ ಊರಲ್ಲೇ ದುಡಿಯುತ್ತಿದ್ದಾರೆ ಎಂಬುದೇ ನಮಗೆ ಬೇಕಾದ ಲೆಕ್ಕ.