ಮೂರು ತಿಂಗಳು ತಡೀರಿ, ಆಮೇಲೆ ಇನ್ನೂ ಮೂರು ತಿಂಗಳು

ಮಾನ್ಯ ಸಂಪಾದಕರೇ,

ಮೂಡಲಗಿಯ ‘ಉಚಿತ ಆರೋಗ್ಯ ತಪಾಸಣೆ ಶಿಬಿರ’ದ ಸುದ್ದಿಯನ್ನು ಹೋದ ವಾರ ಫೋಟೊ ಸಮೇತ ಹಾಕಿದ್ದೀರಿ. ಶಾಲು ಹೊದಿಸಿದವರು, ಹೊದಿಸಿಕೊಂಡವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರ ಹೆಸರೂ ಬಂದಿವೆ. ತಪಾಸಣೆ ಮಾಡಿದವರಲ್ಲಿ ಒಬ್ಬ ಡಾಕ್ಟರೂ ಇರಲಿಲ್ಲ, ಸಂಜೆಯ ಹೊತ್ತಿಗೆ ಆ ಮಂಟಪ ಮುಪ್ಪು ತಡೆಯುವ ಡಬ್ಬಿಗಳ ಸಂತೆಯಾಗಿತ್ತು ಅನ್ನೋದು ಮಾತ್ರ ಯಾಕೋ ಬಿಟ್ಟುಹೋಗಿದೆ.

ಇದೇ ಮಂದಿ ದೀಪಾವಳಿ ಸುಮಾರಿಗೆ ಗೋಕಾಕದಲ್ಲೂ ಬಂದು ಕೂತಿದ್ದರು. ಕೈಗೊಂದು ಲೋಹದ ಕೋಲು ಕೊಡುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಸಾಕು, ಲ್ಯಾಪ್‌ಟಾಪ್ ನಿಮ್ಮ ಕಿಡ್ನಿ, ಲಿವರ್, ಎಲುಬಿನ ಸಂಗತಿಯನ್ನೆಲ್ಲ ಹೇಳಿ ಕಡೆಗೆ ‘ದೇಹದ ವಯಸ್ಸ’ನ್ನೂ ಹೇಳುತ್ತದೆ. ರಕ್ತ ಬೇಡ, ಮೂತ್ರ ಬೇಡ. ನಮ್ಮ ವೈನಿಗೆ ಐವತ್ತೆಂಟು ವರ್ಷ, ಯಂತ್ರ ಎಪ್ಪತ್ತೊಂದು ಅಂದಿತು. ಹೆದರಿ ಎಂಟು ಸಾವಿರದ ಡಬ್ಬಿಗಳನ್ನು ಮನೆಗೆ ತಂದರು. “ಮೂರು ತಿಂಗಳ ತಡೀರಿ ಮಾವಶಿ, ಫರಕ್ ನಿಮಗs ಗೊತ್ತಾಗ್ತೈತಿ” ಅಂದಿದ್ದ ಮಾರಿದ ಹುಡುಗ. ಮೂರು ತಿಂಗಳು ಕಳೆಯಿತು. ಕೇಳಿದರೆ, “ಈಗ ಒಳಗಿನ ಹೊಲಸೆಲ್ಲಾ ಹೊರಗ ಹೊಂಟೈತ್ರಿ, ಇನ್ನೊಂದ ಮೂರು ತಿಂಗಳ ತಗೋರಿ.” ಇನ್ನೊಂದು ಮೂರು ತಿಂಗಳು ಅಂದರೆ ಇನ್ನೊಂದು ಎಂಟು ಸಾವಿರ. ನಡುವೆ ಯಾರೋ ಪುಣ್ಯಾತ್ಮರು “ಶುಗರ್ ಗುಳಿಗಿ ಕಡಿಮಿ ಮಾಡ್ರಿ” ಎಂದೂ ಹೇಳಿದ್ದರು, ವೈನಿ ಮಾಡಿಯೂ ಬಿಟ್ಟಿದ್ದರು. ಆಮೇಲೆ ಡಾಕ್ಟರ ಹತ್ತಿರ ಓಡಿದವರು ನಾವು, ಅವರಲ್ಲ.

ನಾನು ಔಷಧ ಕೊಡುವ ಕಿಟಕಿಯ ಹಿಂದೆ ಆಯುಷ್ಯ ಕಳೆದವನು. ಯಾವುದು ಎಷ್ಟು ದಿನಕ್ಕೆ ಗುಣ ತೋರಿಸುತ್ತದೆ ಎಂಬುದು ಗುಟ್ಟೇನಲ್ಲ. ರಕ್ತ ಕಡಿಮೆಯಾದವರಿಗೆ ಕಬ್ಬಿಣದ ಗುಳಿಗೆ ಕೊಟ್ಟರೆ ಎರಡು-ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಏರಲು ಶುರುವಾಗುತ್ತದೆ, ಪರೀಕ್ಷೆ ಮಾಡಿಸಿ ನೋಡಬಹುದು. ವಿಟಮಿನ್ ಡಿ ಕೊರತೆಗೆ ಎರಡು-ಮೂರು ತಿಂಗಳು ಹಿಡಿಯುತ್ತದೆ, ಅದನ್ನೂ ಅಳೆಯಬಹುದು. ಕೊರತೆ ಇದ್ದರೆ ತುಂಬುತ್ತದೆ, ಇಲ್ಲದಿದ್ದರೆ ತುಂಬಲು ಏನೂ ಇಲ್ಲ. ಚರ್ಮಕ್ಕೆಂದು ಮಾರುವ ಕೊಲಾಜೆನ್ ಪುಡಿಯ ಮೇಲೆ ಎಂಟು-ಹನ್ನೆರಡು ವಾರಗಳ ಪ್ರಯೋಗಗಳು ನಡೆದಿವೆ, ಗುಣ ಕಂಡಿತೆಂದು ಹೇಳಿದವುಗಳಲ್ಲಿ ಬಹಳಷ್ಟಕ್ಕೆ ದುಡ್ಡು ಹಾಕಿದ್ದು ಅದನ್ನು ಮಾರುವವರೇ. ಇನ್ನು ಮುಪ್ಪನ್ನೇ ಹಿಂದಕ್ಕೆ ತಿರುಗಿಸಿ ಮನುಷ್ಯನ ಆಯುಷ್ಯ ಬೆಳೆಸಿದ ಡಬ್ಬಿ ಇವತ್ತಿನವರೆಗೂ ಜಗತ್ತಿನಲ್ಲಿ ಸಾಬೀತಾಗಿಲ್ಲ. ಸಾಬೀತಾಗದ್ದಕ್ಕೆ ಗಡುವು ಎಲ್ಲಿಂದ ಬಂತು?

ಆದರೂ ಮೂರು ತಿಂಗಳು ಅನ್ನುತ್ತಾರೆ, ಯಾಕೆಂದರೆ ಅಷ್ಟರಲ್ಲಿ ಏನಾದರೂ ಒಂದು ತಾನಾಗಿಯೇ ಬದಲಾಗಿರುತ್ತದೆ. ಸಂಕ್ರಾಂತಿಯ ಚಳಿಗೆ ಒಡೆದ ಚರ್ಮ ಯುಗಾದಿಗೆ ತಾನೇ ಮೆತ್ತಗಾಗುತ್ತದೆ. ಮೊಣಕಾಲ ನೋವು ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಇಳಿಯುತ್ತದೆ. ಇಳಿದರೆ ಹೆಸರು ಡಬ್ಬಿಗೆ, ಏರಿದರೆ ತಪ್ಪು ನಮ್ಮ ಪಥ್ಯದ್ದು!

“ಗುಣ ಆಗದಿದ್ದರೂ ತೊಂದರೆ ಏನೂ ಇಲ್ರಿ, ಆಂಟಿಆಕ್ಸಿಡೆಂಟ್ ಐತಿ” ಎಂದು ವೇದಿಕೆಯ ಮೇಲಿಂದಲೇ ಹೇಳಿದರಂತೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರ ಮೇಲೆ ನಡೆದ ಪ್ರಯೋಗದ ಫಲ 1994ರಲ್ಲಿ ಹೊರಬಂತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು. ನಮ್ಮ ಕಟ್ಟೆಯ ಮೇಲೆ ಬೀಡಿ ಸೇದುವ ಹಿರಿಯರಿಗೆ ಇವರು ಡಬ್ಬಿ ಮಾರುವಾಗ ಒಮ್ಮೆಯಾದರೂ “ಬೀಡಿ ಸೇದ್ತೀರೇನು?” ಎಂದು ಕೇಳಿದ್ದಾರೆಯೇ?

ಕಾನೂನಿನ ತಮಾಷೆ ನೋಡಿ. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮಗಳ ‘ಷೆಡ್ಯೂಲ್ ಜೆ’ ಪಟ್ಟಿಯಲ್ಲಿ ಅಕಾಲ ಮುಪ್ಪೂ ಇದೆ, ಮರಳಿ ಯೌವನ ತರುವ ಶಕ್ತಿಯೂ ಇದೆ. ಇವನ್ನು ಮಾಡುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಔಷಧ ಹೇಳಬಾರದ್ದನ್ನು ‘ಆಹಾರ’ದ ಹೆಸರಿನ ಡಬ್ಬಿ ಮೈಕಿನಲ್ಲಿ ಕೂಗುತ್ತದೆ. ಅದೇ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂದು ಅಚ್ಚು ಹಾಕಿರಬೇಕೆಂಬ ನಿಯಮವೂ ಇದೆ. ಭೂತಗನ್ನಡಿ ಹಿಡಿದರೆ ಕಂಡೀತು. ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿ “ಸರಕಾರದ ಒಪ್ಪಿಗಿ ಐತಿ” ಎನ್ನುತ್ತಾರೆ. ಅದು ಆಹಾರ ತಯಾರಿಕೆಯ ಪರವಾನಗಿ ಮಾತ್ರ, ಖಾನಾವಳಿಗೂ ಇರುತ್ತದೆ.

ಇನ್ನೊಂದು ಸಂಗತಿ, ಇದು ಮೊದಲನೆಯದಕ್ಕಿಂತ ಹೊಟ್ಟೆ ಉರಿಸುವಂಥದ್ದು. ಡಬ್ಬಿ ಕೊಂಡವರನ್ನು ಅಷ್ಟಕ್ಕೇ ಬಿಡುವುದಿಲ್ಲ. “ನೀವೂ ಐಡಿ ಮಾಡಸ್ರಿ, ಕೆಳಗ ನಾಕ ಮಂದಿ ಸೇರಿಸಿದ್ರ ನಿಮ್ಮ ಡಬ್ಬಿ ಪುಕ್ಕಟೆ.” ಹೀಗೆ ಹೇಳಿ ಮಾರುವುದನ್ನು ಕೇಂದ್ರ ಸರಕಾರ 2021ರ ಡಿಸೆಂಬರಿನ ನೇರ ಮಾರಾಟ ನಿಯಮಗಳಲ್ಲೇ ನಿಷೇಧಿಸಿದೆ. ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಸಂಘದ ಸಾಲ ಎತ್ತಿ ಐಡಿ ಮಾಡಿಸಿದ್ದಾರೆ. ಎಮ್ಮೆ ತರಲು ಎತ್ತಿದ ಸಾಲ, ಸ್ವಾಮಿ! ಈಗ ಒಬ್ಬರ ಮನೆಗೆ ಒಬ್ಬರು ಡಬ್ಬಿ ಹಿಡಿದು ಹೋಗುತ್ತಾರೆ, ಬಾಗಿಲು ತೆರೆಯುವವರಿಲ್ಲ.

1929ರಿಂದ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮ ಇರುವ ನಾಡು ಇದು. ಸೇವಾದಳದ ಡಾ. ನಾ.ಸು. ಹರ್ಡೀಕರರು ಬಾಳಿದ ಜಾಗ. ಇಲ್ಲಿಯ ಜನರ ಆರೋಗ್ಯವನ್ನು ಈಗ ಲೋಹದ ಕೋಲು ನೋಡಬೇಕಾಗಿದೆ. ನಮ್ಮ ಗೋಕಾಕದ ಕರದಂಟಿನಲ್ಲಿ ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ ಎಲ್ಲ ಇದೆ, ಬಾಣಂತಿಗೂ ಕೊಡುತ್ತೇವೆ. ಅದನ್ನು ಮಾರುವವರು ಇಷ್ಟು ವರ್ಷದಲ್ಲಿ ಯಾರಿಗಾದರೂ “ಮೂರು ತಿಂಗಳು ತಿನ್ನಿ, ಹತ್ತು ವರ್ಷ ಸಣ್ಣವರಾಗುತ್ತೀರಿ” ಎಂದದ್ದುಂಟೆ?

ಇಷ್ಟೆಲ್ಲ ಆದ ಮೇಲೂ ಪತ್ರಿಕೆಗೆ ಅದು ‘ಯಶಸ್ವಿ ಶಿಬಿರ’! ಯಶಸ್ಸು ಯಾರದು ಎಂದು ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಇಂಥ ಮಂಟಪದೊಳಗೆ ಒಮ್ಮೆ ಬಂದು ಡಬ್ಬಿಯ ಸ್ಯಾಂಪಲ್ ಒಯ್ಯಲಿ, ವೇದಿಕೆಯ ಭಾಷಣವನ್ನೂ ಕೇಳಿಸಿಕೊಳ್ಳಲಿ. ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕುವ ಕಲಂ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲೇ ಇದೆ. ಡಬ್ಬಿ ಕೊಂಡವರು ಪಾವತಿ ಕೇಳಿ, ‘ಇಷ್ಟು ದಿನದಲ್ಲಿ ಇಂಥ ಗುಣ’ ಎಂದು ಅದರ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮುಂದಿನ ಶಿಬಿರ ಹುಕ್ಕೇರಿಯಲ್ಲಂತೆ, ಪಾಂಪ್ಲೆಟ್ ಹಂಚಿಯಾಗಿದೆ. ಸಂಪಾದಕರೇ, ಅದನ್ನೂ ಪ್ರಕಟಿಸುವುದಾದರೆ ಮೇಲೆ ದಪ್ಪ ಅಕ್ಷರದಲ್ಲಿ ‘ಜಾಹೀರಾತು’ ಎಂದು ಹಾಕಿ ಪ್ರಕಟಿಸಿ.

– ಒಬ್ಬ ನಿವೃತ್ತ ಫಾರ್ಮಸಿಸ್ಟ್, ಮೂಡಲಗಿ